ಪಾಸಾದ ಹಾಲು

ಹೋದ ಗುರುವಾರ ಮಧ್ಯಾಹ್ನ ನಡುಮನೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿಯೇ ನೀರಿಗೆ ಹಾಕಿದ್ದ ಕಾಳು ಚೆನ್ನಾಗಿ ಉಬ್ಬಿತ್ತು. ಎರಡು ಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಧನುರ್ಮಾಸ ಬಂತೆಂದರೆ ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೇ ಕೆಲಸ, ಎಲ್ಲ ಹೆಂಗಸರ ಕೈಯಲ್ಲೂ ಇದೇ ಸೊಗಡು. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗದ ವಾಸನೆ ಅದು.

ಗೇಟಿನ ಹತ್ತಿರ ನೆರಳು ಕಂಡಿತು. ನೋಡಿದರೆ ರತ್ನಕ್ಕ. ಒಳಗೆ ಬರಲಿಲ್ಲ. ಅವಳು ನಮ್ಮ ಹೊಸಿಲು ದಾಟಿ ವರ್ಷಗಳೇ ಆಗಿದ್ದವು. ಪಂಚಾಯಿತಿ ಮೆಂಬರಾಗಿ ಬಂದರೂ ಗೇಟಿನಲ್ಲೇ ಮಾತು ಮುಗಿಸಿ ಹೋಗುವವಳು.

"ಸಾವಿತ್ರೀ, ದೊಡ್ಡಮನೆ ಅಜ್ಜಿ ಓಗ್ಬುಟ್ರಂತೆ ಕಣೇ. ಈಗ್ತಾನೆ ಪೋನ್ ಬಂತು. ಬತ್ತೀಯಾ, ನೋಡ್ಕಂಡ್ ಬರನಾ?"

ನನ್ನ ಬೆರಳ ನಡುವೆ ಇದ್ದ ಕಾಳು ಹಾಗೇ ಉಳಿಯಿತು. ಮೂಗಿಗೆ ಆ ಸೊಗಡು ಬಡಿಯುತ್ತಲೇ ಇತ್ತು. ಅದರ ಜೊತೆಗೇ ಆ ಚಳಿಗಾಲ, ಆ ಎಲೆಕ್ಷನ್ನು, ದೊಡ್ಡಮನೆಯ ದೇವರ ಕೋಣೆ, ಎಲ್ಲ ಎದ್ದು ಬಂದವು.

ನನ್ನ ತವರು ಕೆಜಿಎಫ್‌ನ ಆಂಡರ್ಸನ್‌ಪೇಟೆ. ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು. ಚಿಕ್ಕಂದಿನಲ್ಲಿ ನಮ್ಮ ಬೀದಿ ನಲ್ಲಿಗೆ ಬರುತ್ತಿದ್ದದ್ದು ಬೇತಮಂಗಲದ ಕೆರೆ ನೀರು. ಹಾಗಾಗಿ ನನ್ನನ್ನು ಆ ಕೆರೆಯ ಪಕ್ಕದ ಊರಿಗೆ ಕೇಳಿಕೊಂಡು ಬಂದಾಗ ಅಮ್ಮನಿಗೆ ಸಂತೋಷವೋ ಸಂತೋಷ. "ನೀರಿರೋ ಕಡೆ ಹೋಗ್ತಾಳೆ, ಪುಣ್ಯವಂತೆ" ಎಂದು ಬೀದಿಗೆಲ್ಲ ಹೇಳಿದಳು. ಬಂದು ನೋಡಿದರೆ ನಮ್ಮ ಕೆಳಬೀದಿಗೆ ನಲ್ಲಿಯೇ ಇರಲಿಲ್ಲ. ಮೇಲುಬೀದಿಯ ತೊಟ್ಟಿಯಿಂದ ಹೊತ್ತು ತರಬೇಕು. ಆ ತೊಟ್ಟಿಗೆ ನೀರು ಬಿಡುವವನು ದೊಡ್ಡಮನೆಯವರ ಆಳು. ಅವನಿಗೆ ನೆನಪಾದಾಗ ನೀರು.

ದೊಡ್ಡಮನೆ ಅಂದರೆ ಊರಿಗೆಲ್ಲ ಒಂದೇ ಮನೆ. ಅಜ್ಜಿಯ ಮಾವ ಡೈರಿ ಅಧ್ಯಕ್ಷರಾಗಿದ್ದರು, ಆಮೇಲೆ ಗಂಡ, ಆಮೇಲೆ ಮಗ ಗೋಪಾಲಣ್ಣ. ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿ ಹಾಕಿಸಿಕೊಳ್ಳುವವನು ಮನೆ ಅಳಿಯ. ನ್ಯಾಯಬೆಲೆ ಅಂಗಡಿ ಅಜ್ಜಿಯ ಮೈದುನನದು. ಪಂಚಾಯಿತಿಯಲ್ಲಿ ಯಾವಾಗಲೂ ಅವರ ಮನೆಯವರೊಬ್ಬರು ಇದ್ದೇ ಇರುವರು. ಯಾರಾದರೂ ಗೊಣಗಿದರೆ ನನ್ನ ಅತ್ತೆ, "ಅವ್ರು ಆಕಿದ್ ಸೊಪ್ಪು ಮೇಯೋರು ನಾವು, ತೆಪ್ಪಗಿರಿ" ಎಂದುಬಿಡುತ್ತಿದ್ದರು.

ಆದರೆ ನಿಜ ಹೇಳಬೇಕು, ಆ ಮನೆಯ ಋಣ ನನ್ನ ಮೇಲಿತ್ತು. ನನ್ನ ಮಗಳಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಹೋದ ದಿನ ನನ್ನ ಯಜಮಾನರು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದರು. ಬಂಗಾರಪೇಟೆಯ ರೈಲು ಇಳಿದು ಅವರು ಊರು ಸೇರುವುದು ಸಂಜೆಗೇ. ಅಜ್ಜಿಗೆ ಅದು ಹೇಗೆ ಗೊತ್ತಾಯಿತೋ, ತಮ್ಮ ಕಾರು ತರಿಸಿ, ತಾವೇ ಹತ್ತಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೆಜಿಎಫ್ ಆಸ್ಪತ್ರೆಯವರೆಗೆ ಬಂದರು. ದಾರಿಯುದ್ದಕ್ಕೂ ಒದ್ದೆ ಸೆರಗಿನಲ್ಲಿ ಮಗುವಿನ ಹಣೆ ಒರೆಸುತ್ತ, ವೆಂಕಟರಮಣನನ್ನು ತೆಲುಗಿನಲ್ಲಿ ಬೈಯುತ್ತಿದ್ದರು. ಅಂಥ ಮನೆಯನ್ನು ಕೆಟ್ಟದ್ದು ಅನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಊರಲ್ಲಿ ಅರ್ಧ ಮನೆಗಳ ಕಥೆ ಇದೇ. ಒಬ್ಬರಿಗೆ ಕಾರು ಕೊಟ್ಟಿರುತ್ತಾರೆ, ಒಬ್ಬರಿಗೆ ಮದುವೆಗೆ ಅಕ್ಕಿ ಮೂಟೆ, ಒಬ್ಬರ ಮಗನಿಗೆ ಡ್ರೈವರ್ ಕೆಲಸ. ಓಟು ಆ ಲೆಕ್ಕದಲ್ಲೇ ಸೇರಿ ಹೋಗಿರುತ್ತಿತ್ತು, ಬೇರೆ ಕೇಳುವುದೇ ಬೇಕಿರಲಿಲ್ಲ.

ಆ ವರ್ಷ ಮಾತ್ರ ಕೇಳಬೇಕಾಯಿತು. ಪಂಚಾಯಿತಿಯಲ್ಲಿ ನಮ್ಮ ವಾರ್ಡು ಹೆಂಗಸರಿಗೆ ಮೀಸಲು ಎಂದು ಬಂತು. ದೊಡ್ಡಮನೆಯವರು ಸೊಸೆ ಪದ್ಮಳನ್ನು ನಿಲ್ಲಿಸಿದರು. ಯಾರೂ ಎದುರು ನಿಲ್ಲುವುದಿಲ್ಲ ಎಂದುಕೊಂಡಿದ್ದರೆ, ನಮ್ಮ ಪಕ್ಕದ ಮನೆ ರತ್ನಕ್ಕ ಅರ್ಜಿ ಹಾಕಿಬಿಟ್ಟಳು!

ರತ್ನಕ್ಕ ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಗಂಡ ಆಂಡರ್ಸನ್‌ಪೇಟೆಗೆ ಆಟೋ ಓಡಿಸುತ್ತಿದ್ದ. ದಿನಾ ಸಂಜೆ ನಮ್ಮ ಜಗಲಿಯೇ ಅವಳ ಜಾಗ. ಅವರೆಕಾಲ ಬಂದರೆ ಒಂದೇ ಪಾತ್ರೆಯ ಮುಂದೆ ಇಬ್ಬರೂ ಕೂತು ಹಿದುಕುವುದು, ಒಂದು ಸಲ ಅವಳ ಮನೆ ಕಾಳು, ಒಂದು ಸಲ ನಮ್ಮ ಮನೆ ಕಾಳು. ಚಿಮ್ಮಿದ ಬೇಳೆ ನನ್ನ ಮುಖಕ್ಕೆ ಬಡಿದರೆ "ಬಿತ್ತು ನೋಡೇ ನಿಂಗೊಂದ್ ಓಟು" ಎಂದು ನಗುತ್ತಿದ್ದಳು. ಅವಳಿಗೆ ಬಂದ ಗುರುತೂ ಹೊಲಿಗೆ ಮಿಷನ್ನೇ. "ದೇವ್ರೇ ಕೊಟ್ಟಿದ್ ಕಣೇ, ನಾನೇನ್ ಕೇಳಿರ್ಲಿಲ್ಲ" ಎಂದು ಕುಣಿದಾಡಿದಳು.

"ಅಲ್ಲಾ ರತ್ನಕ್ಕಾ, ಗೆದ್ರೆ ಏನ್ ಮಾಡ್ತೀಯಾ?" ಎಂದು ಕೇಳಿದ್ದೆ.

"ಕೆಳಬೀದಿಗೆ ನಲ್ಲಿ. ಅದೊಂದು ಆದ್ರೆ ಸಾಕು, ಸತ್ರೂ ಚಿಂತಿಲ್ಲ. ಕೆರೆ ಪಕ್ಕದಾಗೆ ಉಟ್ಟಿ ಬಿಂದ್ಗೆ ಒತ್ತು ಒತ್ತು ನನ್ ಸೊಂಟ ನೋಡೇ, ಮಿಷನ್ ತುಳಿಯಾಕೂ ಆಯ್ತಾ ಇಲ್ಲ."

ದೊಡ್ಡಮನೆಗೆ ಇದು ಬಿಸಿ ಮುಟ್ಟಿಸಿತು. ಗಂಡಸರನ್ನು ಗೋಪಾಲಣ್ಣ ತೋಟದ ಮನೆಗೆ ಕರೆಸಿ ಕೋಳಿ ಊಟ ಹಾಕಿಸಿದರು. ಹೆಂಗಸರಿಗೆ ಶುಕ್ರವಾರ ಸಂಜೆ ಅರಿಶಿನ ಕುಂಕುಮ ಎಂದು ಮನೆಮನೆಗೆ ಹೇಳಿ ಕಳಿಸಿದರು. ಅರಿಶಿನ ಕುಂಕುಮ ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ರವಿಕೆ ಬಟ್ಟೆ, ಒಂದು ಸ್ಟೀಲ್ ಡಬ್ಬಿ, ಹೂವು ಕೊಡುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ದೇವರ ಕೋಣೆಗೆ ಕರೆದು, ಉರಿಯುವ ದೀಪ ಮುಟ್ಟಿಸಿ, "ಪದ್ಮಂಗೇ ಹಾಕ್ತೀನಿ" ಅನ್ನಿಸುತ್ತಾರೆ. ಕೊಟ್ಟದ್ದನ್ನು ಬೇಕಾದರೆ ಮರೆಯಬಹುದು. ದೀಪ ಮುಟ್ಟಿ ಹೇಳಿದ ಮಾತನ್ನು ನಮ್ಮಲ್ಲಿ ಯಾವ ಹೆಂಗಸೂ ಮುರಿಯುವುದಿಲ್ಲ. ಮುರಿದರೆ ಮನೆಯ ಮಕ್ಕಳಿಗೆ ತಟ್ಟುತ್ತದೆ ಎಂದು ಭಯ.

ಹೋಗದೆ ಇರುವಂತಿಲ್ಲ. ಡೈರಿ ಅವರದು. ಅಳಿಯ ಮನಸ್ಸು ಮಾಡಿದರೆ ಹಾಲಿನ ಗಟ್ಟಿ ಅಳೆಯುವ ಕೊಳವೆ ಅದ್ದಿ, "ಡಿಗ್ರಿ ಇಲ್ಲ" ಎಂದು ಯಾರ ಹಾಲನ್ನಾದರೂ ಹಿಂದಕ್ಕೆ ಕಳಿಸಬಹುದು. ನಮಗಿದ್ದದ್ದು ಒಂದೇ ಹಸು, ಗೌರಿ. ಮಕ್ಕಳ ಸ್ಕೂಲು ಅವಳ ಕೆಚ್ಚಲಿನ ಮೇಲೆ ನಡೆಯುತ್ತಿತ್ತು.

"ಸುಮ್ನೆ ಮುಟ್ಬುಟ್ಟು ಬಾ. ದೇವ್ರಿಗೆ ಎಲ್ಲಾ ಅರ್ತ ಆಯ್ತದೆ" ಎಂದರು ನಮ್ಮ ಯಜಮಾನರು.

"ದೇವ್ರಿಗೆ ಅರ್ತ ಆಗೋದಕ್ಕೇ ನಂಗೆ ಭಯ" ಎಂದೆ.

ಶುಕ್ರವಾರ ಸಂಜೆ ದೊಡ್ಡಮನೆಗೆ ಹೋದರೆ ಅಂಗಳದಲ್ಲಿ ಕೆಳಬೀದಿಯ ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ಯಾರೂ ಮೆಟ್ಟಿಲು ಹತ್ತಿರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, "ಬನ್ರೇ ಒಳೀಕೆ, ಯಾಕ್ ಚಳೀಲಿ ನಿಂತ್ರಿ?" ಎಂದರು.

ಮುಂದೆ ಇದ್ದ ಸರೋಜ ತಲೆ ತಗ್ಗಿಸಿದಳು. "ಬರಂಗಿಲ್ಲಮ್ಮಾ. ನಾನು ಒರಗಾಗಿವ್ನಿ."

ತಿಂಗಳ ಮೂರು ದಿನ ಹೊರಗಾದವರು ದೇವರ ಕೋಣೆಯ ಕಡೆ ಸುಳಿಯುವಂತಿಲ್ಲ. ಅಜ್ಜಿ ತಲೆಯಾಡಿಸಿ ಪಕ್ಕದವಳನ್ನು ಕರೆದರು. ಪಕ್ಕದವಳೂ, "ನಾನೂ ಅಷ್ಟೇ ಅಮ್ಮಾ." ಅವಳ ಹಿಂದಿನವಳೂ. ಅವಳ ಓರಗಿತ್ತಿಯೂ.

"ಅಲ್ರೇ, ಇಡೀ ಬೀದಿಗೆ ಒಂದೇ ದಿನಾನಾ? ಮತ್ಯಾಕ್ರೇ ಬಂದ್ರಿ?"

"ನೀವು ಕರೆದ್ಮ್ಯಾಲೆ ಬರ್ದೇ ಇದ್ರೆ ಮರ್ವಾದೆ ಅಲ್ವಲ್ಲಮ್ಮಾ" ಎಂದಳು ಸರೋಜ.

ಆಗ ಹಿಂದಿನಿಂದ ಮುನಿಯಮ್ಮನ ದನಿ ಬಂತು. ಬಾಯಲ್ಲಿ ಒಂದೂ ಹಲ್ಲಿಲ್ಲದ, ಮರಿಮಕ್ಕಳನ್ನು ಕಂಡ ಮುದುಕಿ. "ನಂಗೂ ಅಂಗೇ ಆಗೈತೆ ಕಣವ್ವಾ."

"ಏನೇ ಮುನೀ, ನಿಂಗೂನಾ?"

"ಏನ್ ಮಾಡಾದವ್ವಾ, ಸಾಮಿ ಕೊಟ್ಟಿದ್ದು!"

ಅಂಗಳವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿತು. ಅಜ್ಜಿಯ ತುಟಿ ಕೂಡ ಒಂದು ಗಳಿಗೆ ನಡುಗಿದ್ದನ್ನು ನಾನು ಕಂಡೆ. ಒಳಗೆ ಗೋಪಾಲಣ್ಣ ಕೆಮ್ಮಿದ ಮೇಲೆ ಅವರು ಮುಖ ಗಂಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. "ನೀನೇನ್ ಏಳ್ತೀಯಮ್ಮಾ, ಸಾವಿತ್ರಿ?"

ಎಲ್ಲರೂ ನನ್ನನ್ನೇ ನೋಡಿದರು. ಸರೋಜ ಕಣ್ಣಲ್ಲೇ "ಹೇಳು, ಹೇಳು" ಎಂದಳು. ಒಂದು ಮಾತು, ಎಲ್ಲರೂ ಹೇಳಿದ್ದ ಮಾತು. ಆದರೆ ಅದೇ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಧನುರ್ಮಾಸದ ಪೂಜೆಗೆ ಗುಡಿಗೆ ಹೋಗಿ, ಹುಗ್ಗಿ ಪ್ರಸಾದ ತಿಂದು ಬಂದಿದ್ದೆ. ಆ ಬಾಯಲ್ಲಿ ಸುಳ್ಳು ಹೊರಡಲಿಲ್ಲ.

"ನಾನು ಬತ್ತೀನಮ್ಮಾ" ಎಂದೆ. ಒಬ್ಬಳೇ ಮೆಟ್ಟಿಲು ಹತ್ತಿದೆ. ಬೆನ್ನ ಹಿಂದೆ ನಗು ನಿಂತಿತು.

ದೇವರ ಕೋಣೆಯಲ್ಲಿ ಅಜ್ಜಿ ಮತ್ತು ನಾನು ಇಬ್ಬರೇ. ಗೋಪಾಲಣ್ಣ ಬಾಗಿಲ ಆಚೆ ನಡುಮನೆಯಲ್ಲಿ ನಿಂತಿದ್ದರು. ನನ್ನ ಎತ್ತರಕ್ಕೆ ಅರ್ಧ ಇದ್ದ ಹಿತ್ತಾಳೆ ದೀಪ. ಕೈ ಮುಗಿದೆ.

"ಅಮ್ಮಾ, ನನ್ ಮಗೂನ ಉಳಿಸಿದ್ ಕೈ ನಿಮ್ದು. ನಿಮ್ಗೆ ಇಲ್ಲ ಅನ್ನಾಕೆ ಬಾಯಿ ಬರಲ್ಲ. ಆದ್ರೆ ದೀಪದ ಮುಂದೆ ಸುಳ್ಳೂ ಬರಲ್ಲ. ನಾನು ರತ್ನಕ್ಕಂಗೇ ಆಕಾದು" ಎಂದು ಪಿಸುಗುಟ್ಟಿದೆ.

ಅಜ್ಜಿ ನನ್ನನ್ನು ನೋಡಲಿಲ್ಲ. ದೀಪವನ್ನೇ ನೋಡುತ್ತಿದ್ದರು. ಆಮೇಲೆ, "ಬತ್ತಿ ಕರುಕಾಯ್ತಾ ಐತೆ. ಒಂಚೂರು ಎಣ್ಣೆ ಆಕು" ಎಂದರು. ಹಾಕಿದೆ. ಅವರು ನನ್ನ ಹಣೆಗೆ ಕುಂಕುಮ ಇಟ್ಟು, ಮುಡಿಗೆ ಹೂವು ಸಿಕ್ಕಿಸಿದರು.

ಆಚೆಯಿಂದ ಗೋಪಾಲಣ್ಣ ತಮ್ಮ ಮನೆಮಾತು ತೆಲುಗಿನಲ್ಲಿ, "ಏಮಾಯೆ ಅಮ್ಮಾ?" ಎಂದು, ಏನಾಯಿತೆಂದು ಕೇಳಿದರು.

"ಆಯ್ತು ಕಣೋ. ಆಣೆ ಮಾಡಿದ್ಲು. ನಮ್ಗೇ ಆಕ್ತಾಳೆ" ಎಂದರು ಅಜ್ಜಿ ಕನ್ನಡದಲ್ಲಿ. ಅಂಗಳದಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂಗೈ ಅದುಮಿ, ಕಿವಿಯ ಹತ್ತಿರ, "ಈ ಪಾಪ ನಂಗಿರ್ಲಿ. ನಿನ್ ಮಕ್ಳು ಸಣ್ಣೋವು. ಯಾರ್ಗೂ ಏಳ್ಬ್ಯಾಡ, ನಾನೂ ಈ ಮನೇಲೇ ಅನ್ನ ತಿನ್ಬೇಕು" ಎಂದರು.

ಹೊರಗೆ ಬಂದಾಗ ಹೆಂಗಸರು ನನಗೆ ದಾರಿ ಬಿಟ್ಟರು. ಅಷ್ಟು ಅಗಲದ ದಾರಿಯನ್ನು ಅವರು ನನಗೆ ಹಿಂದೆಂದೂ ಬಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದಲೇ ಡೈರಿಯಲ್ಲಿ ಕೆಳಬೀದಿಯ ಹಾಲು ಫೇಲಾಗತೊಡಗಿತು. ಸರೋಜಳದು ಡಿಗ್ರಿ ಇಲ್ಲ. ಅವಳ ಓರಗಿತ್ತಿಯದು ಹುಳಿ ವಾಸನೆ. ಮುನಿಯಮ್ಮನ ಮೊಮ್ಮಗಳು ತಂದ ಹಾಲನ್ನು ಅಳಿಯ ಮೂಸಿ ಕೂಡ ನೋಡಲಿಲ್ಲ. ನನ್ನ ಸರದಿ ಬಂದಾಗ, "ಬಾಮ್ಮಾ ಸಾವಿತ್ರಮ್ಮಾ, ನಿಮ್ದು ಯಾವಾಗ್ಲೂ ಫಸ್ಟ್ ಕ್ಲಾಸು" ಎಂದು ನಗುತ್ತಾ ಸುರಿದುಕೊಂಡ. ತುಂಬಿದ ಕ್ಯಾನುಗಳನ್ನು ಹಿಡಿದು ವಾಪಸ್ ಹೊರಟವರ ನಡುವೆ ನಾನೊಬ್ಬಳೇ ಖಾಲಿ ಕ್ಯಾನು ಹಿಡಿದು ನಡೆದೆ. ಹಾಲು ಪಾಸಾಗುವುದು ದೇವರ ದಯೆ ಎಂದು ಅಲ್ಲಿಯವರೆಗೆ ದಿನವೂ ಕೈ ಮುಗಿಯುತ್ತಿದ್ದವಳು ನಾನು. ಆ ದಿನಗಳಲ್ಲಿ ಮಾತ್ರ ಗೌರಿಯ ಕೆಚ್ಚಲು ತೊಳೆಯುತ್ತ, ಇವತ್ತೊಂದು ದಿನ ನನ್ನ ಹಾಲೂ ಹಿಂದಕ್ಕೆ ಬರಲಪ್ಪಾ ಎಂದು ಬೇಡಿಕೊಂಡಿದ್ದೇನೆ. ಸ್ವಾಮಿ ಕೇಳಿಸಿಕೊಳ್ಳಲಿಲ್ಲ. ಮಕ್ಕಳ ಹೊಟ್ಟೆಯ ಕಡೆಗೆ ನೋಡಿದನೋ ಏನೋ.

ಹೆಂಗಸರು ಸೋಲಲಿಲ್ಲ. ಹಿಂದಕ್ಕೆ ಬಂದ ಹಾಲನ್ನೆಲ್ಲ ರತ್ನಕ್ಕನ ಮನೆಯಲ್ಲಿ ಕಾಯಿಸಿ ಹೆಪ್ಪು ಹಾಕಿದರು. ಅವಳ ಗಂಡ ಆಟೋದಲ್ಲಿ ಮೊಸರಿನ ಮಡಕೆಗಳನ್ನು ಇಟ್ಟುಕೊಂಡು ಆಂಡರ್ಸನ್‌ಪೇಟೆ, ಮೈಸೂರು ಮೈನ್ಸ್ ಕಾಲೊನಿಯ ಬೀದಿಗಳಲ್ಲಿ "ತಯಿರ್, ತಯಿರ್" ಎಂದು ತಮಿಳಲ್ಲಿ ಕೂಗಿ ಮಾರಿ ಬಂದ. ನನ್ನ ತವರಿನವರೂ ಕೊಂಡರಂತೆ. ನನ್ನ ಅಮ್ಮ ಫೋನು ಮಾಡಿ, "ನಿಮ್ಮೂರ ಮೊಸರು ಎಷ್ಟು ಗಟ್ಟಿ ಪಾಪಾ, ನಿನ್ನ ಹಾಲೂ ಇದರಲ್ಲಿದೆಯಾ?" ಎಂದಳು.

ಒಂದು ಸಂಜೆ ತಡೆಯಲಾರದೆ ಕರೆದ ಹಾಲನ್ನು ಡೈರಿಗೆ ಒಯ್ಯದೆ ರತ್ನಕ್ಕನ ಮನೆಗೆ ಒಯ್ದೆ. ಅವಳ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಸುತ್ತ ಕೂತವರು ಅವರೆ ಹಿದುಕುತ್ತಿದ್ದರು. ನನ್ನನ್ನು ಕಂಡು ಮಾತು ನಿಂತಿತು.

"ಇದನ್ನೂ ಸೇರಿಸ್ಕೋ ರತ್ನಕ್ಕಾ."

ಅವಳು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ನಿಂದು ಪಾಸಾಯ್ತದಲ್ಲಾ, ಅಲ್ಲೇ ಆಕು. ಇದು ಫೇಲಾದೋರ ಪಾತ್ರೆ."

ಅಷ್ಟೇ ಮಾತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಜ್ಜಿ ನನ್ನ ಮುಂಗೈ ಅದುಮಿದ್ದ ಜಾಗ ಆಗಲೂ ಬಿಸಿಯಾಗಿಯೇ ಇತ್ತು. ಹೇಳಿದರೆ ನನ್ನ ಮಾನ ಉಳಿಯುತ್ತದೆ. ಆದರೆ ಈ ಊರಿನಲ್ಲಿ ಹೆಂಗಸರ ಗುಟ್ಟು ಸಂಜೆಯೊಳಗೆ ಗೋಪಾಲಣ್ಣನ ಕಿವಿ ಸೇರುತ್ತದೆ. ಆಮೇಲೆ ಆ ಮನೆಯಲ್ಲಿ ಅಜ್ಜಿಯ ತಟ್ಟೆಗೆ ಅನ್ನ ಹೇಗೆ ಬೀಳುತ್ತದೆಯೋ ಯಾರು ಬಲ್ಲರು? ಕ್ಯಾನು ಎತ್ತಿಕೊಂಡು ಡೈರಿಗೇ ಹೋದೆ. ಹಾಲು ಪಾಸಾಯಿತು.

ಓಟಿನ ದಿನ ಸ್ಕೂಲಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಚಿತ್ರದ ಮೇಲೆ ಮುದ್ರೆ ಒತ್ತಿದೆ. ಕೈಗೆ ಅಂಟಿದ್ದ ಅವರೆ ಸೊಗಡು ಆ ಕಾಗದಕ್ಕೂ ಅಂಟಿರಬೇಕು. ರತ್ನಕ್ಕ ಗೆದ್ದಳು. ಪಟಾಕಿ ಹೊಡೆದರು, ಮುನಿಯಮ್ಮ ಬೀದಿಯಲ್ಲಿ ಕುಣಿದಳು. ನಾನು ಒಳಗಿನಿಂದ ಕಿಟಕಿಯಲ್ಲಿ ನೋಡಿದೆ. ಮುಂದಿನ ಬೇಸಿಗೆಗೆ ಕೆಳಬೀದಿಗೆ ನಲ್ಲಿ ಬಂತು, ನಮ್ಮ ಮನೆಯ ಮುಂದೆಯೂ. ರತ್ನಕ್ಕ ನಮ್ಮ ಮನೆಯನ್ನು ಕೈಬಿಡಲಿಲ್ಲ, ಅದೂ ಒಂದು ದೊಡ್ಡ ಮನಸ್ಸೇ. ಮೊದಲ ಬಿಂದಿಗೆ ತುಂಬಿಸಿ ದೇವರ ಮುಂದಿಟ್ಟು ಅತ್ತಿದ್ದೆ. ಡೈರಿಯ ಅಳಿಯನೂ ನಾಲ್ಕು ದಿನ ನೋಡಿ ಎಲ್ಲರ ಹಾಲು ಹಾಕಿಸಿಕೊಳ್ಳತೊಡಗಿದ. ಊರು ತನ್ನ ಪಾಡಿಗೆ ತಾನು ಸರಿಹೋಯಿತು. ನಮ್ಮ ಜಗಲಿ ಮಾತ್ರ ಖಾಲಿ ಉಳಿಯಿತು. ಆಮೇಲಿನ ಎಷ್ಟೋ ಅವರೆಕಾಲಗಳಲ್ಲಿ ನಾನು ಒಬ್ಬಳೇ ಹಿದುಕಿದೆ.

ಆ ಅಜ್ಜಿ ಈಗ ಹೋಗಿಬಿಟ್ಟಿದ್ದರು.

ಕೈ ತೊಳೆದು, ಪಾತ್ರೆಗೆ ತಟ್ಟೆ ಮುಚ್ಚಿ, ರತ್ನಕ್ಕನ ಜೊತೆ ಹೊರಟೆ. ದಾರಿಯಲ್ಲಿ ಸಿಕ್ಕವರೆಲ್ಲ ಅವಳಿಗೆ ಕೈ ಎತ್ತಿದರು. ಈಗ ಬೆಳಗಾದರೆ ಅವಳ ಬಾಗಿಲಲ್ಲಿ ಅರ್ಜಿ ಹಿಡಿದವರ ಚಪ್ಪಲಿಗಳು. ಈಗ ನೀರು ಬಿಡುವವನು ಅವಳ ಮೈದುನ. ಮೇಲುಬೀದಿಯವರು, "ಅವ್ನಿಗೆ ನೆನಪಾದ್ರೆ ನೀರು" ಎಂದು ಗೊಣಗುವುದು ನನ್ನ ಕಿವಿಗೂ ಬಿದ್ದಿದೆ.

ದೊಡ್ಡಮನೆಯ ನಡುಮನೆಯಲ್ಲಿ ಅಜ್ಜಿಯನ್ನು ಮಲಗಿಸಿದ್ದರು. ಸಣ್ಣ ಮಗುವಿನಷ್ಟು ಆಗಿದ್ದರು. ತಲೆಯ ಹತ್ತಿರ ದೀಪ ಇಟ್ಟಿದ್ದರು, ಅಳುವ ಗಲಾಟೆಯಲ್ಲಿ ಯಾರೂ ಅದನ್ನು ನೋಡಿಕೊಂಡಿರಲಿಲ್ಲ. ಬತ್ತಿ ಕರುಕಾಗುತ್ತಿತ್ತು. ಪಕ್ಕದಲ್ಲಿದ್ದ ಗಿಂಡಿಯಿಂದ ಎಣ್ಣೆ ಹಾಕಿದೆ. ಪಾದ ಮುಟ್ಟಿ, ಅವರು ನನಗಾಗಿ ಹೊತ್ತುಕೊಂಡ ಆ ಒಂದು ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಪ್ಪಾ ಎಂದು ದೇವರಿಗೆ ಹೇಳಿದೆ.

ವಾಪಸ್ ಬರುವಾಗ ರತ್ನಕ್ಕ ನನ್ನ ಪಕ್ಕಕ್ಕೆ ಸರಿದು ಮಾತು ತೆಗೆದಳು. "ಈ ಸಲ ನಾನು ನಿಲ್ಲಲ್ಲ ಸಾವಿತ್ರಿ. ಸೊಸೇನ ನಿಲ್ಲಿಸ್ತೀವಿ. ಮುಂದಿನ್ ಶುಕ್ರವಾರ ಮನೇಲಿ ಅರಿಶಿನ ಕುಂಕುಮ ಇಟ್ಕಂಡಿವ್ನಿ. ಬಾ." ನಕ್ಕಂತೆ ಮಾಡಿದಳು. "ಆವತ್ತು ನೀನು ಅವ್ರ ಮನೇ ದೀಪ ಮುಟ್ಟಿದ್ದೆ. ಈ ಸಲ ನಮ್ ಮನೇದು ಮುಟ್ಬೇಕಪ್ಪಾ ನೀನು."

ನಾನು ಅಲ್ಲೇ ನಿಂತೆ. ಇನ್ನು ಯಾರ ತಟ್ಟೆಯ ಅನ್ನಕ್ಕೂ ನನ್ನ ಮಾತಿನಿಂದ ತೊಂದರೆಯಿಲ್ಲ.

"ಆವತ್ತು ನಾನು ಆಣೆ ಮಾಡ್ಲಿಲ್ಲ ರತ್ನಕ್ಕಾ. ನಿಂಗೇ ಆಕ್ತೀನಿ ಅಂತ ದೀಪದ ಮುಂದೇನೇ ಏಳ್ದೆ. ಗೋಪಾಲಣ್ಣಂಗೆ ಸುಳ್ಳೇಳಿ ನನ್ನ ಉಳಿಸಿದ್ದು ಆ ಅಜ್ಜಿ. ಓಟು ನಿಂಗೇ ಆಕ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಇಷ್ಟ್ ವರ್ಸ ಯಾಕೇ ಏಳ್ಲಿಲ್ಲ?"

"ಏಳಿದ್ರೆ ಅವ್ರು ಆ ಮನೇಲಿ ಎಂಗೆ ಬಾಳ್ತಿದ್ರು?"

ಕೆರೆಯ ಕಡೆಯಿಂದ ಚಳಿಗಾಳಿ ಬೀಸಿತು. ರತ್ನಕ್ಕ ಸೆರಗು ಹೊದ್ದುಕೊಂಡಳು.

"ಶುಕ್ರವಾರ ಬತ್ತೀನಿ" ಎಂದೆ. "ಕುಂಕುಮ ಇಡು, ಇಡಿಸ್ಕಂತೀನಿ. ದೀಪ ಮಾತ್ರ ಮುಟ್ಟಲ್ಲ. ನಿಂಗೆ ಆವತ್ತು ಯಾರೂ ಮುಟ್ಟಿಸ್ದೇನೇ ಆಕಿದ್ದು ಕಣಕ್ಕಾ, ನಾವೆಲ್ರೂ."

ಅವಳ ಮನೆಯ ಗೇಟು ಬಂತು. ಹಿಂದಿರುಗಿ ನೋಡದೆ ಒಳಗೆ ಹೋದಳು.

ಸಾವಿನ ಮನೆಯಿಂದ ಬಂದ ಮೈಗೆ ತಲೆಯ ಮೇಲಿಂದ ನೀರು ಸುರಿದುಕೊಂಡು, ದೇವರಿಗೆ ದೀಪ ಹಚ್ಚಿ, ಮತ್ತೆ ಅವರೆಯ ಮುಂದೆ ಕೂತೆ. ನೆನೆದ ಕಾಳು ಯಾರಿಗೂ ಕಾಯುವುದಿಲ್ಲ, ಸಂಜೆ ದಾಟಿದರೆ ಹುಳಿ ವಾಸನೆ ಬರುತ್ತದೆ. ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಹಿತ್ತಲಿನ ಬಾಗಿಲು ಕಿರ್ ಎಂದಿತು. ರತ್ನಕ್ಕ, ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಬಂದಿದ್ದಳು. ಏನೂ ಕೇಳದೆ, ಪಾತ್ರೆಯನ್ನು ನಡುವಿಗೆ ಎಳೆದುಕೊಂಡು ನನ್ನ ಎದುರು ಕೂತಳು. ಶುಕ್ರವಾರದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳ ಬೆರಳಿಗೆ ಅಭ್ಯಾಸ ತಪ್ಪಿತ್ತು, ಮೊದಲ ಬೇಳೆ ಪಾತ್ರೆಗೆ ಬೀಳದೆ ಗೋಡೆಗೆ ಹಾರಿತು. ಎದ್ದು ಅದನ್ನು ಆರಿಸಿ ತಂದು, ಬೇಳೆಯನ್ನು ಪಾತ್ರೆಗೂ ಅವಳ ಕೈಯಲ್ಲಿ ಉಳಿದ ಸಿಪ್ಪೆಯನ್ನು ಹಸುವಿನ ಬಕೆಟ್ಟಿಗೂ ಹಾಕಿ, ಉಳಿದ ಕಾಳಿಗೆ ಕೈ ಹಾಕಿದೆ.